ಪಟ್ಟಿಯಿಂದ ತೆಗೆದ ಹೆಸರು

ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಗಳಾದ ಕೊಟ್ರಬಸಪ್ಪ ಅಂಡ್ ಸನ್ಸ್‌ನಲ್ಲಿ ಹನ್ನೊಂದು ಜನರ ಹೆಸರುಗಳು ಅರ್ಚನಾಳ ಕೈಯಲ್ಲಿದ್ದವು. ಅವಳು ಮೌಸ್ ಒತ್ತಿದರೆ ಆಫೀಸಿಗೆ ಒಬ್ಬ ಹೊಸಬ ಹುಟ್ಟುತ್ತಿದ್ದ, ಇನ್ನೊಮ್ಮೆ ಒತ್ತಿದರೆ ಒಬ್ಬ ಹಳಬ ಇಲ್ಲವಾಗುತ್ತಿದ್ದ. ಇಷ್ಟು ದೊಡ್ಡ ಅಧಿಕಾರವನ್ನು ಅವಳೇನೂ ಕೇಳಿರಲಿಲ್ಲ. ಬಿ.ಕಾಂ. ಮುಗಿಸಿ ಟೈಪಿಂಗ್ ಕೆಲಸಕ್ಕೆಂದು ಸೇರಿದ್ದವಳ ಮೇಲೆ, ಕಂಪ್ಯೂಟರ್ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಅದು ಬಂದು ಬಿದ್ದಿತ್ತು.

ಅದಕ್ಕೂ ಮೊದಲು ಒಂದೊಂದು ಬ್ರಾಂಚಿಗೆ ಒಂದೊಂದು ಪುಕ್ಕಟೆ ಮೇಲ್ ವಿಳಾಸವಿತ್ತು. ಕೊಟ್ಟೂರಿನವರದು ಯಾವುದೋ ಸಿನಿಮಾ ನಟನ ಹೆಸರಿನ ಮುಂದೆ ನಾಲ್ಕು ಅಂಕಿ. ಹಗರಿಬೊಮ್ಮನಹಳ್ಳಿಯವರದು ಅಲ್ಲಿಯ ಗುಮಾಸ್ತನ ಹೆಂಡತಿಯ ಹೆಸರು. ಜೋಳ ಕೊಳ್ಳುವ ಸ್ಟಾರ್ಚ್ ಫ್ಯಾಕ್ಟರಿಯವರು, ನಿಮ್ಮ ಕಂಪನಿಗೆ ಸ್ವಂತ ವಿಳಾಸವೇ ಇಲ್ಲವೇ ಎಂದು ಕೇಳಿದಾಗ ಸಾಹುಕಾರ ಅರುಣಕುಮಾರ್‌ಗೆ ಮಾನ ಹೋದಂತಾಯಿತು. ದಾವಣಗೆರೆಯಿಂದ ಹಂಪೇಶ್ ಎಂಬ ಎಂಜಿನಿಯರ್ ಬಂದು, ಕಂಪನಿಯ ಹೆಸರಿನಲ್ಲೇ ಎಲ್ಲರಿಗೂ ಮೇಲ್ ಮಾಡಿಕೊಟ್ಟ. ಇನ್ನು ಮುಂದೆ ನಿಮ್ಮ ಕಾಗದಪತ್ರ ಯಾವ ಕಂಪ್ಯೂಟರಿನ ಹೊಟ್ಟೆಯಲ್ಲೂ ಇರುವುದಿಲ್ಲ, ಎಲ್ಲ ಕ್ಲೌಡಿನಲ್ಲಿ, ಯಾರು ನಮ್ಮವರು ಯಾರು ಅಲ್ಲ ಎಂಬ ಪಟ್ಟಿಯೂ ಅಲ್ಲಿಯೇ ಎಂದು ಹೇಳಿ, ಪಟ್ಟಿಯ ಬೀಗದ ಕೈಯನ್ನು ಅರ್ಚನಾಳಿಗೆ ಕೊಟ್ಟು ಹೋದ. ಇದು ಎರಡು ಸಾವಿರದ ಎಂಟರ ಮಾತು.

ವ್ಯವಸ್ಥೆ ಹೊಸದಾದರೂ ಜನ ಹಳಬರೇ. ಈ ಸೀಮೆಯಲ್ಲಿ ಮೇಲ್ ಕಳಿಸಿ ಸುಮ್ಮನೆ ಕೂರುವುದು ಮರ್ಯಾದೆಯಲ್ಲ. ಕಳಿಸಿದ ಮೇಲೆ ಫೋನ್ ಮಾಡಬೇಕು, ಕಳಿಸಿದ್ದೇನೆ ಎನ್ನಬೇಕು, ಬಂತೇ ಎಂದು ಕೇಳಬೇಕು, ಬಂದಿದ್ದರೆ ಅದರಲ್ಲಿರುವುದನ್ನು ಬಾಯಿಂದ ಇನ್ನೊಮ್ಮೆ ಹೇಳಬೇಕು. ಹೂವಿನಹಡಗಲಿ ಬ್ರಾಂಚಿನ ಪಕ್ಕೀರಪ್ಪ ಇದರಲ್ಲಿ ಎಲ್ಲರಿಗಿಂತ ಮುಂದು. ಇಪ್ಪತ್ತೆರಡು ವರ್ಷದ ಸರ್ವಿಸು, ಹಣೆ ತುಂಬ ವಿಭೂತಿ, ಟೈಪಿಂಗಿಗೆ ಒಂದೇ ಬೆರಳು. ಬೆಳಿಗ್ಗೆ ಹತ್ತಕ್ಕೆ ಜೋಳದ ತೇವಾಂಶದ ರಿಪೋರ್ಟನ್ನು ಮೇಲ್ ಮಾಡಿ, ಹತ್ತೂ ಐದಕ್ಕೆ ಅರ್ಚನಾಳಿಗೆ ಫೋನ್ ಮಾಡಿ ಅದೇ ರಿಪೋರ್ಟನ್ನು ಓದಿ, ಕೊನೆಗೆ ನಾಷ್ಟಾ ಆಯಿತೇ ಎಂದು ಕೇಳಿ ಇಡುತ್ತಿದ್ದರು. ಅರ್ಚನಾ ಒಳಗೊಳಗೆ ಗೊಣಗಿದರೂ ಹತ್ತೂ ಹತ್ತಾದರೂ ಫೋನ್ ಬರದಿದ್ದರೆ ಕಿವಿ ಅತ್ತಲೇ ಇರುತ್ತಿತ್ತು.

ಮರುವರ್ಷ ಜೂನ್ ತಿಂಗಳ ಒಂದು ಸೋಮವಾರ ಅರುಣಕುಮಾರ್ ಅವಳನ್ನು ಗಾಜಿನ ಕೋಣೆಗೆ ಕರೆದ.

"ಹಡಗಲಿ ಬ್ರಾಂಚ್ ಬಂದ್ ಮಾಡಾಕ ಹತ್ತೀವಿ. ಅಲ್ಲಿ ಖರೀದಿ ಕಮಿಷನ್ ಏಜೆಂಟಿಗೆ ಕೊಟ್ಟಾತು. ಪಕ್ಕೀರಪ್ಪಾರ ಹೆಸರು ಮೇಲ್ ಪಟ್ಟಿಯಿಂದ ತಗದುಬಿಡ್ರಿ."

"ಅವರಿಗೆ ಹೇಳೀರೇನ್ರಿ?"

"ನಾ ಹೇಳ್ತೀನಿ. ಮೊದ್ಲು ನೀವು ತಗೀರಿ. ಪಾರ್ಟಿಗಳ ರೇಟು ಎಲ್ಲಾ ಅದರಾಗ ಅದಾವು, ಹೊರಗ ಹೋಗಬಾರ್ದು."

ಅರ್ಚನಾ ಬಂದು ಕೂತು ಪಟ್ಟಿ ತೆರೆದಳು. ಹೆಸರಿನ ಮುಂದಿನ ಚೌಕದಲ್ಲಿ ಗುರುತು ಹಾಕಿದಳು. ಖಚಿತವೇ ಎಂದು ಕಂಪ್ಯೂಟರ್ ಒಮ್ಮೆ ಕೇಳಿತು, ಹೌದು ಎಂದು ಒತ್ತಿದಳು. ಐದು ದಿನದೊಳಗೆ ಬೇಕಿದ್ದರೆ ವಾಪಸು ತರಬಹುದು, ಆಮೇಲೆ ಇಲ್ಲ ಎಂದು ಅದು ತಿಳಿಸಿತು. ಪಟ್ಟಿಯಲ್ಲಿದ್ದ ಹನ್ನೊಂದು ಹೆಸರು ಹತ್ತಾಯಿತು. ಇಷ್ಟಕ್ಕೆ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಮಂಗಳವಾರ ಹತ್ತೂ ಐದಕ್ಕೆ ಫೋನ್ ಬಂತು.

"ಮೇಡಂ, ಪಾಸ್‌ವರ್ಡ್ ತಗಳವಲ್ದು ನೋಡ್ರಿ. ನಾನೇ ತಪ್ಪು ಹೊಡಿಯಾಕತ್ತೀನೋ ಏನೋ."

ಸಾಹುಕಾರ ಹೇಳಿಲ್ಲ ಎಂಬುದು ಅರ್ಚನಾಳಿಗೆ ತಕ್ಷಣ ಗೊತ್ತಾಯಿತು. ನಿಜ ಬಾಯಿಯ ತುದಿಗೆ ಬಂದಿತ್ತು. ಆದರೆ ಹೊರಬಿದ್ದದ್ದು ಬೇರೆ.

"ಸರ್ವರ್ ಪ್ರಾಬ್ಲಂ ಐತ್ರಿ."

ಸರ್ವರ್ ಎಂಬುದು ಬಹಳ ಅನುಕೂಲದ ಪ್ರಾಣಿ. ಯಾರೂ ಅದನ್ನು ಕಂಡಿಲ್ಲ, ಅದು ಬಂದು ಸಾಕ್ಷಿ ಹೇಳುವುದಿಲ್ಲ. ಪಕ್ಕೀರಪ್ಪ ಹೌದೇನ್ರಿ ಎಂದು ರಿಪೋರ್ಟನ್ನು ಬಾಯಲ್ಲೇ ಓದಿದರು. ಹಡಗಲಿಯ ರಿಪೋರ್ಟು ಇನ್ನು ಯಾರಿಗೂ ಬೇಕಿಲ್ಲವೆಂದು ತಿಳಿದೂ ಅವಳು ಅಂಕಿ ಬರೆದುಕೊಂಡಳು.

ಬುಧವಾರವೂ ಫೋನ್ ಬಂತು. "ನಂದೊಂದನೇನ್ರಿ, ಎಲ್ಲಾರದೂ ಹಿಂಗೇನ್ರಿ?" ಅರ್ಚನಾ ಎಲ್ಲರದೂ ಎಂದಳು. ಅಂದೇ ಗಾಜಿನ ಕೋಣೆಗೆ ಹೋಗಿ, ಅವರು ದಿನಾ ಕೇಳುತ್ತಿದ್ದಾರೆ, ಹೇಳಿಬಿಡಿ ಎಂದಳು. ಅರುಣಕುಮಾರ್ ಕೆಟ್ಟವನೇನಲ್ಲ, ಅಳುವವರನ್ನು ನೋಡಲಾಗದ ಮೆತ್ತಗಿನ ಮನುಷ್ಯ, ಆದ್ದರಿಂದ ಅಳಿಸುವ ಕೆಲಸವನ್ನು ಬೇರೆಯವರ ಕೈಯಿಂದ ಮಾಡಿಸುತ್ತಿದ್ದ. ಈ ವಾರ ಪುರಸೊತ್ತಿಲ್ಲ ಎಂದ.

ಗುರುವಾರ ಪಕ್ಕೀರಪ್ಪ ಇನ್ನೊಂದು ಪ್ರಶ್ನೆ ಕೇಳಿದರು. "ಮೇಡಂ, ಖರೇ ಹೇಳ್ರಿ. ತೊಂದ್ರಿ ನಮ್ಮ ಕಂಪ್ಯೂಟರ್ ಡಬ್ಬಿದಾಗ ಐತೇನ್ರಿ?"

"ಇರಬಹುದ್ರಿ" ಎಂದಳು ಅರ್ಚನಾ. ಅನ್ನುವಾಗಲೇ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಫೋನ್ ಇಟ್ಟ ಮೇಲೂ ಅದು ಹೋಗಲಿಲ್ಲ.

ಶುಕ್ರವಾರ ಹತ್ತೂ ಐದಕ್ಕೆ ಫೋನ್ ಬರಲಿಲ್ಲ. ಹನ್ನೊಂದಕ್ಕೆ ಪಕ್ಕೀರಪ್ಪ ತಾವೇ ಬಂದರು. ಎದೆಗವುಚಿಕೊಂಡ ಒಂದು ದೊಡ್ಡ ಗಂಟು, ಮೇಲೆ ಹಸಿರು ಗೀರಿನ ದುಪ್ಪಟಿ. ಬಿಚ್ಚಿದರೆ ಒಳಗೆ ಹಡಗಲಿ ಬ್ರಾಂಚಿನ ಸಿಪಿಯು. ಬಸ್ಸಿನಲ್ಲಿ ಒಂದೂವರೆ ಗಂಟೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು. ಕಂಡಕ್ಟರ್ ಅದಕ್ಕೂ ಲಗೇಜು ಟಿಕೆಟ್ ಹರಿದನಂತೆ.

ಆಫೀಸೆಲ್ಲ ನಕ್ಕಿತು. ಗೋದಾಮಿನ ಬೊಮ್ಮಪ್ಪನಂತೂ ಹೊಟ್ಟೆ ಹಿಡಿದುಕೊಂಡ. "ಏನ್ರಿ ಪಕ್ಕೀರಪ್ಪಾರ, ಮೇಲ್ ಎಲ್ಲಾ ಗಂಟು ಕಟ್ಟಿಗೆಂಡು ಬಂದೀರಲ್ಲ! ಚೀಲದಾಗ ಹಾಕಿದ್ರ ತೂಕ ಮಾಡ್ತಿದ್ದೆ." ಪಕ್ಕೀರಪ್ಪ ತಾವೂ ನಕ್ಕರು. ಅರುಣಕುಮಾರ್ ಗಾಜಿನೊಳಗಿಂದ ಒಮ್ಮೆ ನೋಡಿದ. ಅಷ್ಟರಲ್ಲಿ ಅವನಿಗೆ ಎಪಿಎಂಸಿಯಲ್ಲಿ ಏನೋ ಕೆಲಸ ನೆನಪಾಗಿ, ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟ.

ಅರ್ಚನಾ ತನ್ನ ಮೇಜಿನ ತಂತಿಗಳನ್ನು ಆ ಸಿಪಿಯುಗೆ ಸಿಕ್ಕಿಸಿದಳು. ಅದು ಚಕಾರವೆತ್ತದೆ ಶುರುವಾಯಿತು. ಪಕ್ಕೀರಪ್ಪ ಪಕ್ಕದ ಕುರ್ಚಿಯಲ್ಲಿ ಕೂತು, ಒಂದೇ ಬೆರಳಿನಿಂದ ತಮ್ಮ ವಿಳಾಸ ಒತ್ತಿದರು, ಪಾಸ್‌ವರ್ಡ್ ಒತ್ತಿದರು. ಈ ಹೆಸರಿನ ಖಾತೆ ಇಲ್ಲ ಎಂದು ಕೆಂಪಕ್ಷರ ಬಂತು.

"ಡಬ್ಬಿ ಚಲೋ ಐತೇನ್ರಿ ಮೇಡಂ?"

"ಚಲೋ ಐತ್ರಿ."

"ಸರ್ವರ್ರು?"

ಬೊಮ್ಮಪ್ಪ ಗೋದಾಮಿಗೆ ಹೋಗಿದ್ದ. ಕೇಳಿಸಿಕೊಳ್ಳುವವರು ಯಾರೂ ಹತ್ತಿರವಿರಲಿಲ್ಲ. ಅರ್ಚನಾ ಕೀಬೋರ್ಡ್ ನೋಡುತ್ತ ಹೇಳಿದಳು.

"ಸರ್ವರ್ರೂ ಚಲೋ ಐತ್ರಿ. ನಿಮ್ಮ ಹೆಸರು ಪಟ್ಟಿಯಿಂದ ತಗದಾರ್ರಿ. ಸೋಮವಾರನ. ಹಡಗಲಿ ಬ್ರಾಂಚ್ ಬಂದ್ ಅಂತ."

"ಯಾರ್ರಿ ತಗದಾರು?"

"ಅದು... ಸಿಸ್ಟಮ್ಮಿನಾಗ ತಗದಾರ್ರಿ."

ಪಕ್ಕೀರಪ್ಪ ತಲೆಯಾಡಿಸಿದರು. ಅಳಲಿಲ್ಲ, ಕೂಗಾಡಲಿಲ್ಲ.

"ಗೊತ್ತಿತ್ರಿ. ಮಂಗಳವಾರ ಸಂಜೀಕ ರಾಣೆಬೆನ್ನೂರಿನ ಪಾರ್ಟಿ ಫೋನ್ ಮಾಡಿದ್ರು. ನಿಮಗ ಕಳಿಸಿದ ಮೇಲ್ ವಾಪಸ್ ಬಂತು, ಆ ಹೆಸರಿನವ್ರು ಇಲ್ಲ ಅಂತೈತಿ, ಬಿಡಿಸ್ಯಾರೇನು ಪಕ್ಕೀರಪ್ಪ ಅಂತ ಕೇಳಿದ್ರು."

ಅರ್ಚನಾ ತಲೆಯೆತ್ತಿದಳು. "ಮತ್ತ ಇದನ್ಯಾಕ ಹೊತಗೊಂಡು ಬಂದ್ರಿ?"

"ಕಂಪನಿ ಸಾಮಾನು ಕಂಪನಿಗೆ ಒಪ್ಪಿಸಬೇಕಲ್ರಿ. ಮಂದಿ ನಕ್ಕರ ನಗಲಿ ಬಿಡ್ರಿ. ಸಾವ್ಕಾರ್ರ ತಂದಿಯವ್ರು ಇದ್ದಾಗ ಒಬ್ಬನ್ನ ಬಿಡಿಸಬೇಕಂದ್ರ ಅವನ ಮನಿಗೆ ಬಂದು, ಚಾ ಕುಡದು, ಇಂಥಾದ್ದೈತಪಾ ಅಂತ ಹೇಳಿ ಹೋಗ್ತಿದ್ರು. ಈಗ ಮನಿಗೆ ಯಾರು ಬರ್ತಾರ್ರಿ. ಫೋನಿನಾಗಾರ ಹೇಳ್ತಾರೇನೋ ಅಂತ ಬುಧವಾರ ಕೇಳಿದೆ, ಗುರುವಾರ ಕೇಳಿದೆ. ನೀವು ಹೇಳ್ತೀರಿ ಅಂತನ ಕೇಳಿದ್ದು."

ಅರ್ಚನಾ ಸುಳ್ಳು ಹೇಳಿ ಒಬ್ಬರ ನೋವನ್ನು ಮುಂದೂಡಿದ್ದೇನೆ ಎಂದುಕೊಂಡಿದ್ದಳು; ಅವರು ಆ ಎರಡು ದಿನ ನೋವಿನೊಳಗೇ ಕೂತು, ಅವಳು ಸುಳ್ಳು ಹೇಳುವುದನ್ನೂ ಕೇಳಿಸಿಕೊಂಡಿದ್ದರು. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಗೊತ್ತಿದ್ದದ್ದು ಕೆಲಸದ ಮಾತು, ಅದನ್ನೇ ಆಡಿದಳು.

"ಇವತ್ತು ಕಡೇ ದಿನ ಐತ್ರಿ. ಬೇಕಂದ್ರ ಅರ್ಧ ತಾಸು ನಿಮ್ಮ ಹೆಸರು ವಾಪಸ್ ತರ್ತೀನಿ. ನಿಮ್ಮ ಮೇಲ್ ಏನಾರ ಬೇಕಿದ್ರ ತಗೊಳ್ರಿ."

"ಅದರಾಗ ನಂದೇನೈತ್ರಿ? ಎಲ್ಲಾ ಜೋಳದ ತೇವಾಂಶ."

ಸಿಪಿಯು ಬಂದಿದೆ ಎಂದು ಒಂದು ಚೀಟಿ ಬರೆಸಿಕೊಂಡರು. ದುಪ್ಪಟಿಯನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡು, ಹನ್ನೆರಡರ ಬಸ್ಸಿದೆ ಎಂದು ಎದ್ದರು. ಅರ್ಚನಾ ಬಾಗಿಲ ತನಕ ಹೋದಳು, ಅಷ್ಟೇ.

ಊಟದ ಹೊತ್ತಿಗೆ ಅರುಣಕುಮಾರ್ ವಾಪಸು ಬಂದ.

"ಹೋದ್ರಾ? ಏನಂದ್ರು?"

"ಏನೂ ಅನ್ನಲಿಲ್ರಿ."

"ಪಾಪ, ಒಳ್ಳೇ ಮನುಷ್ಯ." ಅವನಿಗೆ ನಿಜಕ್ಕೂ ಹಗುರಾಗಿತ್ತು. "ಸಲೀಸಾಗಿ ಮುಗೀತಲ್ಲ. ಕೂಡ್ಲಿಗಿನೂ ಏಜೆಂಟಿಗೆ ಕೊಡೋದು ಅಂತ ಆಗೈತಿ. ಅಲ್ಲಿ ಓಬಮ್ಮಾರ ಹೆಸರು ನಾಳಿಗೆ ತಗದುಬಿಡ್ರಿ. ಆಮೇಲ್ ನಾ ಹೇಳ್ತೀನಿ."

"ಮೊದ್ಲು ಹೇಳ್ರಿ. ಆಮೇಲ್ ತಗೀತೀನಿ" ಎಂದಳು ಅರ್ಚನಾ.

ಈ ಆಫೀಸಿನಲ್ಲಿ ಅವಳು ಸಾಹುಕಾರನಿಗೆ ಎದುರು ಮಾತಾಡಿದ್ದು ಇದೇ ಮೊದಲು. ಅವನಿಗೆ ಸಿಟ್ಟು ಬರುವ ಬದಲು ಗಾಬರಿಯಾಯಿತು. ಅವಳು ಆಗಲೇ ಫೋನೆತ್ತಿ ಕೂಡ್ಲಿಗಿಯ ನಂಬರ್ ಒತ್ತಿ, ರಿಸೀವರನ್ನು ಅವನತ್ತ ಚಾಚಿದ್ದಳು. ಅತ್ತ ಗಂಟೆ ಬಾರಿಸುತ್ತಿತ್ತು. ಅರುಣಕುಮಾರ್ ರಿಸೀವರ್ ನೋಡಿದ, ಅವಳ ಮುಖ ನೋಡಿದ, ನೀವೇ ಹೇಳ್ರಿ ಎಂದು ಕೈಸನ್ನೆ ಮಾಡಿ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

"ಹಲೋ, ಕೂಡ್ಲಿಗಿ ಬ್ರಾಂಚ್" ಎಂದಿತು ಆ ಕಡೆಯ ದನಿ. "ಓಬಮ್ಮ ಮಾತಾಡಾಕತ್ತೀನ್ರಿ. ಯಾರ್ರಿ?"

ಅರ್ಚನಾ ರಿಸೀವರನ್ನು ಕಿವಿಗೆ ಇಟ್ಟುಕೊಂಡಳು.

"ಓಬಮ್ಮಾರ, ನಾ ಅರ್ಚನಾ. ಕೈಯಾಗಿನ ಕೆಲಸ ಬಿಟ್ಟು ಒಂದೀಟು ಕುಂದ್ರಿ. ನಿಮ್ಮ ಬ್ರಾಂಚ್ ಬಂದ್ ಮಾಡ್ತಾರಂತ. ನಾಳಿಗೆ ನಿಮ್ಮ ಹೆಸರು ಮೇಲ್ ಪಟ್ಟಿಯಿಂದ ತಗೀತಾರ್ರಿ." ಗಾಜಿನ ಕೋಣೆಯ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿದಳು. "ತಗೀತಾರ ಅಲ್ರಿ. ನಾನ ತಗೀತೀನಿ."