ತೊಳೆದಿಟ್ಟ ಧ್ವನಿ

ನನ್ನ ಗಂಡ ರೇಡಿಯೊದಲ್ಲಿ ಮನೆ ರಿಪೇರಿಯ ಕಾರ್ಯಕ್ರಮ ನಡೆಸುತ್ತಿದ್ದ. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ತಿರುಗದ ಫ್ಯಾನು. "ಊರಿಗೆಲ್ಲ ಬುದ್ಧಿ ಹೇಳ್ತಾನೆ, ಸ್ವಂತ ಮನೇಲಿ ನಲ್ಲಿ ಕೆಳಗೆ ಬಕೆಟ್ ಇಡ್ತಾನೆ" ಎಂದು ಅತ್ತೆ ಕಾಡುತ್ತಿದ್ದರು.

ಅವನು ತೀರಿಕೊಂಡ ಮೇಲೆ ಬಾನುಲಿಯವರು ಆ ಕಾರ್ಯಕ್ರಮಗಳನ್ನು ಜಾಲತಾಣದಿಂದ ಒಂದೊಂದಾಗಿ ತೆಗೆದುಹಾಕತೊಡಗಿದರು. ಎಲ್ಲವನ್ನೂ ಇಳಿಸಿಡುತ್ತೇನೆಂದು ಮೈದುನ ಮುಂದೆ ಬಂದ. ಅಣ್ಣನ ಲಿನಕ್ಸ್ ಲ್ಯಾಪ್‌ಟಾಪಿನ ಮುಂದೆ ಕೂತವನನ್ನು ಊಟಕ್ಕೆ ಎರಡೆರಡು ಸಲ ಕರೆಯಬೇಕಾಗುತ್ತಿತ್ತು.

ಕೆಲಸ ಮುಗಿದ ದಿನ ಅಮ್ಮನನ್ನು ಕೂರಿಸಿ ಕೇಳಿಸಿದ. ಧ್ವನಿ ನನ್ನ ಗಂಡನದೇ. ಆದರೆ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಏನೂ ಇರಲಿಲ್ಲ, ಬಾವಿಯಂಥ ಮೌನ.

ಅತ್ತೆ ಕತ್ತು ವಾರೆ ಮಾಡಿ ಕಿವಿಗೊಟ್ಟರು. "ಇವನು ಉಸಿರೇ ಆಡ್ತಿಲ್ವಲ್ಲೋ."

"ಗೊರಗೊರ ಅಂತಿತ್ತಮ್ಮ. ಎಲ್ಲಾ ಕ್ಲೀನ್ ಮಾಡ್ದೆ."

"ಮಾತಾಡೋಕೆ ಮುಂಚೆ ಮೂಗಲ್ಲಿ ಒಂದ್ಸಲ ಎಳ್ಕೊಳ್ತಿದ್ದ, ಚಿಕ್ಕವನಿಂದಲೂ. ಅದನ್ನೂ ಗುಡಿಸಿಬಿಟ್ಯಾ? ಮನೇಲಿ ಕಸ ಗುಡಿಸು ಅಂದ್ರೆ ಆಗಲ್ಲ ನಿನಗೆ."

"ಮೊದಲು ಇಳಿಸಿದ ಫೈಲು ಎಲ್ಲಿ?" ಎಂದೆ.

ಅವನು ನೆಲ ನೋಡಿದ. "ಅದರ ಮೇಲೇ ಸೇವ್ ಮಾಡ್ಬಿಟ್ಟೆ, ಅತ್ತಿಗೆ. ಜಾಗ ಸಾಲ್ತಿರಲಿಲ್ಲ."

ಜಾಲತಾಣದಲ್ಲಿ ಕೊನೆಯ ಕಾರ್ಯಕ್ರಮವೊಂದೇ ಉಳಿದಿತ್ತು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡು, ಕಮ್ಯಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು, ಇಳಿಸುವ ಮೊದಲು ಏನೇನಿದೆ ತೋರಿಸು ಎಂದು ಕಮ್ಯಾಂಡ್ ಕೊಟ್ಟೆ. ಒಂದೇ ಕಾರ್ಯಕ್ರಮ ಎರಡು ಗುಣಮಟ್ಟದಲ್ಲಿತ್ತು: ಫೋನಿಗೆಂದು ಹಿಂಡಿ ಸಣ್ಣದು ಮಾಡಿದ್ದು, ಇನ್ನೊಂದು ದೊಡ್ಡದು. ಮೈದುನ ಯಾವುದು ಬೇಕೆಂದು ಹೇಳಿರಲಿಲ್ಲ. ಪ್ರತಿಸಲವೂ ಸಣ್ಣದೇ ಬಂದಿತ್ತು. ಹಿಂಡುವಾಗ ಮೊದಲು ಕೆಡುವುದು ಮೆಲ್ಲಗಿನ ಸದ್ದುಗಳು. ಅವೇ ಅವನಿಗೆ ಗೊರಗೊರ ಎಂದು ಕೇಳಿದ್ದು.

ದೊಡ್ಡದೇ ಬೇಕೆಂದು ಹೇಳಿ ಇಳಿಸಿಕೊಂಡೆ. ಏನೂ ತೊಳೆಯಲಿಲ್ಲ.

ಕುರ್ಚಿ ಕಿರುಗುಟ್ಟಿತು. ಕಾಗದ ಸರಿಯಿತು. ಆಮೇಲೆ ಮೂಗಿನಲ್ಲಿ ಎಳೆದುಕೊಂಡ ಉಸಿರು.

"ಹಾಂ, ಇವನು" ಎಂದರು ಅತ್ತೆ.

ಗೋಡೆಗೆ ಮೊಳೆ ಹೊಡೆಯುವುದು ಹೇಗೆಂದು ಅವನು ಹೇಳತೊಡಗಿದ. ಮೊದಮೊದಲು ವಾಕ್ಯಕ್ಕೊಂದು ಉಸಿರು. ಆಮೇಲೆ ಎರಡು ಮಾತಿಗೊಂದು. ಸುತ್ತಿಗೆ ಎನ್ನುವಾಗ ಪದದ ನಡುವೆಯೇ ನಿಂತು, ಬಾಯಿ ತೆರೆದು ಗಾಳಿ ಎಳೆದುಕೊಂಡ. ಅದು ಆಸ್ಪತ್ರೆಗೆ ಸೇರುವ ಮುಂಚಿನ ವಾರದ್ದು. ಆ ವಾರವೆಲ್ಲ ಮನೆಯಲ್ಲಿ, ಏನಿಲ್ಲ, ಸ್ವಲ್ಪ ನೆಗಡಿ ಎನ್ನುತ್ತಿದ್ದ. ಯಾರೂ ಮತ್ತೆ ಕೇಳಲಿಲ್ಲ.

"ನಿಲ್ಸೇ" ಎಂದರು ಅತ್ತೆ.

ನಿಲ್ಲಿಸಿದೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತರು. ಆಮೇಲೆ ಮಗನತ್ತ ತಿರುಗಿ, "ನೀನು ಮಾಡಿದ್ದನ್ನೇ ಹಾಕಪ್ಪ. ಅದರಲ್ಲಿ ಚೆನ್ನಾಗಿದಾನೆ" ಎಂದರು.

ಮೈದುನ ನನ್ನ ಮುಖ ನೋಡಿದ. "ಇದನ್ನೂ ಕ್ಲೀನ್ ಮಾಡಿಕೊಡ್ಲಾ, ಅತ್ತಿಗೆ?"

"ಇದನ್ನ ಮುಟ್ಬೇಡ."

ಅವನು ತಾನು ಕ್ಲೀನ್ ಮಾಡಿದ್ದವನ್ನು ಫೋನಿಗೆ ತುಂಬಿಕೊಂಡು ಅಮ್ಮನನ್ನು ಪಕ್ಕದ ಕೋಣೆಗೆ ಕರೆದೊಯ್ದ. ಅಲ್ಲಿ ನನ್ನ ಗಂಡ, ದಣಿವಿಲ್ಲದೆ, ಬಾಗಿಲ ತಿರುಗಣಿಗೆ ಎಣ್ಣೆ ಬಿಡುವುದನ್ನು ವಿವರಿಸತೊಡಗಿದ. ನಾನು ಹೆಡ್‌ಫೋನ್ ಹಾಕಿಕೊಂಡು, ಅತ್ತೆ ನಿಲ್ಲಿಸೆಂದ ಕಡೆಯಿಂದ ಮುಂದಕ್ಕೆ ಬಿಟ್ಟೆ. ಇನ್ನೂ ಅರ್ಧ ಕಾರ್ಯಕ್ರಮ ಉಳಿದಿತ್ತು.