ನಾಲ್ಕು ವರ್ಷ ಎಂದು ಬರೆದವಳು ನಾನು

ನನ್ನ ತಮ್ಮನಿಗೆ ಹೆವಿ ಲೈಸೆನ್ಸ್ ಬಂದದ್ದು ಒಂದೇ ದಿನದಲ್ಲಿ ಬೀದಿಗೆಲ್ಲ ಗೊತ್ತಾಯಿತು. ಗೊತ್ತು ಮಾಡಿಸಿದವಳು ನಾನೇ. ನನ್ನದು ಹೊಲಿಗೆ ಅಂಗಡಿ. ಬಂದವರ ಅಳತೆ ತೆಗೆಯುತ್ತಲೇ, "ನಮ್ಮವನು ಇನ್ಮೇಲೆ ಹತ್ತು ಚಕ್ರದ ಲಾರಿ ಓಡಿಸ್ತಾನೆ" ಎಂದು ಕೇಳದವರಿಗೂ ಹೇಳಿದೆ. ನನ್ನ ಬಾಯಿಗೆ ಬೀಗವಿಲ್ಲ ಎಂದು ಅವನು ಯಾವಾಗಲೂ ರೇಗಿಸುತ್ತಿದ್ದ. ಆ ದಿನ ಮಾತ್ರ ಸುಮ್ಮನೆ ನಕ್ಕ.

ಲೈಸೆನ್ಸ್ ಬಂತು, ಕೆಲಸ ಬರಲಿಲ್ಲ. ಎರಡು ತಿಂಗಳು ಟ್ರಾನ್ಸ್‌ಪೋರ್ಟ್ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದ. ಎಲ್ಲ ಕಡೆ ಒಂದೇ ಪ್ರಶ್ನೆ: ಎಷ್ಟು ವರ್ಷ ಅನುಭವ? ಈಗಷ್ಟೇ ಲೈಸೆನ್ಸ್ ಆಯಿತು ಎಂದರೆ, ಅನುಭವ ಆದಮೇಲೆ ಬಾ ಎನ್ನುತ್ತಿದ್ದರು. ಸಂಜೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಕತ್ತರಿಸಿ ಬಿದ್ದ ಚೂರು ಬಟ್ಟೆಯನ್ನು ಬೆರಳಿಗೆ ಸುತ್ತುತ್ತಾ ಕೇಳುತ್ತಿದ್ದ:

"ಅಕ್ಕ, ಓಡಿಸೋಕೆ ಯಾರೂ ಕೊಡದೇ ಇದ್ರೆ ಅನುಭವ ಎಲ್ಲಿಂದ ತರೋದು?"

ಅವನ ಮುಖ ನೋಡಿ ನನಗೆ ಸಂಕಟವಾಗುತ್ತಿತ್ತು.

ಆಗ ಒಂದು ದೊಡ್ಡ ಗೋದಾಮಿನವರು ಡ್ರೈವರು ಬೇಕು ಎಂದು ಫಾರಂ ಕೊಟ್ಟರು. ಅವನ ಅಕ್ಷರ ಅವನಿಗೇ ಓದಲು ಬರುವುದಿಲ್ಲ. ಹಾಗಾಗಿ ಫಾರಂ ನನ್ನ ಕೈಗೆ ಬಂತು. ಹೆಸರು, ವಿಳಾಸ ಎಲ್ಲ ಬರೆದೆ. ಅನುಭವದ ಖಾನೆ ಬಂತು.

"ಸೊನ್ನೆ ಅಂತ ಬರಿ" ಎಂದ.

"ಸೊನ್ನೆ ಬರೆದ್ರೆ ಈ ಕಾಗದ ನೇರ ಕಸದ ಬುಟ್ಟಿಗೆ ಹೋಗತ್ತೆ. ನೀನು ಹಾಲಿನ ವ್ಯಾನ್ ಓಡಿಸಿದ್ದೀಯಲ್ಲ, ನಾಲ್ಕು ವರ್ಷ?"

"ಅದು ವ್ಯಾನು ಅಕ್ಕ. ಇದು ಲಾರಿ."

"ಸ್ಟೀರಿಂಗ್ ಅಂದ್ರೆ ಸ್ಟೀರಿಂಗೇ ಕಣೋ."

ಸೈಕಲ್ ಹತ್ತಿದರೂ ಚರಂಡಿಗೆ ಬೀಳುವ ನಾನು ಲಾರಿಯ ಬಗ್ಗೆ ಅವನಿಗೆ ಪಾಠ ಹೇಳಿದೆ.

"ಬೇಡ ಅಕ್ಕ. ನನಗೆ ಯಾಕೋ ಸರಿ ಅನ್ನಿಸ್ತಿಲ್ಲ."

"ನೀನು ಬಾಯಿ ಬಿಟ್ರೆ ತಾನೆ ಗೊತ್ತಾಗೋದು? ಸುಮ್ನಿರು, ನಿನಗೆ ಲೋಕ ಗೊತ್ತಿಲ್ಲ."

ದುಂಡಗೆ ಬರೆದೆ: ನಾಲ್ಕು ವರ್ಷ. ಅವನು ಕಣ್ಣು ಮುಚ್ಚಿ ಸಹಿ ಹಾಕಿದ.

ಕೆಲಸ ಸಿಕ್ಕಿತು. ನಾಲ್ಕು ವರ್ಷದ ಅನುಭವಸ್ಥ ಎಂದು ಮೊದಲ ದಿನವೇ ಕೀ ಕೈಗೆ ಕೊಟ್ಟರು. ಲಾರಿ ತುಂಬ ನೆಲಕ್ಕೆ ಹಾಕುವ ಟೈಲ್ಸ್. ಪಕ್ಕದ ಸೀಟು ಖಾಲಿ.

ಮಾಲು ಇಳಿಸುವ ಜಾಗದಲ್ಲಿ ಲಾರಿಯನ್ನು ಹಿಂದಕ್ಕೆ ತಂದು ಕಟ್ಟೆಗೆ ಒರಗಿಸಿ ನಿಲ್ಲಿಸಬೇಕಿತ್ತು. ಹಮಾಲರೊಬ್ಬರು ಹಿಂದೆ ನಿಂತು ಕೈ ಬೀಸಿ "ಬರ್ಲಿ, ಬರ್ಲಿ" ಎನ್ನುತ್ತಿದ್ದರು. ನಡುವೆ ಒಂದು ಮರದ ತುಂಡು ಅಡ್ಡ ಕಂಡಿತು. ಅದನ್ನು ಎತ್ತಲು ಅವರು ಬಗ್ಗಿದರು. ಮುಂದೆ ಆದದ್ದನ್ನು ನನ್ನ ತಮ್ಮನೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನಗೆ ಹೇಳಿದ.

"ಅವರು ಕನ್ನಡೀಲಿ ಕಾಣಿಸ್ಲಿಲ್ಲ ಅಕ್ಕ. ನಿಲ್ಲಿಸಿ, ಇಳಿದು ನೋಡ್ಬೇಕು ಅಂತ ಅನ್ನಿಸ್ತು. ನಿಜವಾಗ್ಲೂ ಅನ್ನಿಸ್ತು. ಆದ್ರೆ ಗೇಟಿನ ಹತ್ರ ಎರಡು ಲಾರಿ ಕಾಯ್ತಾ ಇದ್ವು. ನಾಲ್ಕು ವರ್ಷ ಓಡಿಸಿದೋನು ಇಳಿದು ನೋಡಿದ್ರೆ ನಗ್ತಾರೆ, ನಾನು ಹೊಸಬ ಅಂತ ಗೊತ್ತಾಗಿಬಿಡತ್ತೆ ಅಂತ..."

ಹಮಾಲರ ಬಲಗೈ ಲಾರಿಗೂ ಕಟ್ಟೆಗೂ ನಡುವೆ ಸಿಕ್ಕಿತ್ತು. ಜೀವ ಉಳಿಯಿತು. ಮೂರು ಬೆರಳು ಉಳಿಯಲಿಲ್ಲ.

ವಾರದ ನಂತರ ಗೋದಾಮಿನ ಮ್ಯಾನೇಜರ್ ಮೇಡಂ ತಮ್ಮನನ್ನು ಕರೆಸಿದರು. ನಾನೂ ಹೋದೆ. ಮೇಜಿನ ಮೇಲೆ ನನ್ನ ದುಂಡು ಅಕ್ಷರದ ಫಾರಂ ಇತ್ತು.

"ಇದನ್ನ ಬರೆದಿದ್ದು ನಾನು ಮೇಡಂ. ಇವನು ಬೇಡ ಅಂದಿದ್ದ" ಎಂದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಡ್ರಾಯರ್ ಎಳೆದು ಇನ್ನೊಂದಿಷ್ಟು ಫಾರಂ ಹೊರಗೆ ತೆಗೆದರು.

"ಇವೆಲ್ಲ ಸೊನ್ನೆ ಅಂತ ಬರೆದವರದು. ಇವರನ್ನ ಮೂರು ತಿಂಗಳು ಹಳೇ ಡ್ರೈವರ್ ಪಕ್ಕ ಕೂರಿಸ್ತೀವಿ. ಮೊದಲು ಖಾಲಿ ಲಾರಿ, ಆಮೇಲೆ ಲೋಡು. ಈ ವರ್ಷ ಆರು ಜನರನ್ನ ಹಾಗೆ ತಗೊಂಡ್ವಿ. ನಿಮ್ಮ ತಮ್ಮನೂ ಸೊನ್ನೆ ಅಂತ ಬರೆದಿದ್ರೆ ಆ ದಿನ ಪಕ್ಕದ ಸೀಟಲ್ಲಿ ಒಬ್ಬರು ಇರ್ತಿದ್ರು."

ಮೇಲಿದ್ದ ಫಾರಂ ಎತ್ತಿ ನೋಡಿದೆ. ಅನುಭವದ ಖಾನೆಯಲ್ಲಿ ಸೊನ್ನೆಯೇ ಇತ್ತು.

"ಎಲ್ಲ ಕಡೆಯೂ ಹೊಸಬರನ್ನ ಬೇಡ ಅಂದ್ರು ಮೇಡಂ" ಎಂದೆ.

"ಎಲ್ಲ ಕಡೆ ಹೀಗೆ ಕಲಿಸಲ್ಲ, ನನಗೂ ಗೊತ್ತು. ಆದ್ರೆ ಇಲ್ಲಿ ಕಲಿಸ್ತೀರಾ ಅಂತ ನೀವು ಒಂದು ಮಾತು ಕೇಳಲಿಲ್ಲ. ಲೈಸೆನ್ಸಿನ ತಾರೀಖು ಸರಿಯಾಗಿ ನೋಡದೇ ಇದ್ದದ್ದು ನಮ್ಮ ತಪ್ಪು. ಅದಕ್ಕೆ ನಾನೂ ಉತ್ತರ ಕೊಡ್ತಿದ್ದೀನಿ." ಆಮೇಲೆ ತಮ್ಮನ ಕಡೆ ತಿರುಗಿದರು. "ಮೂವತ್ತು ವರ್ಷ ಓಡಿಸಿದವರೂ ಹಿಂದಕ್ಕೆ ತೆಗೆಯೋ ಮುಂಚೆ ಇಳಿದು ನೋಡ್ತಾರಪ್ಪ. ಹೊಸಬರು ಅಂತ ನಾವು ಗುರುತು ಹಿಡಿಯೋದೇ ಇಳಿದು ನೋಡದವರನ್ನ."

ಕೆಲಸ ಹೋಯಿತು. ಅದಕ್ಕೆ ನಾವಿಬ್ಬರೂ ಅಳಲಿಲ್ಲ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ಹಮಾಲರೇ ನನ್ನ ಅಂಗಡಿಗೆ ಬಂದರು. ಎಡಗೈಯಲ್ಲಿ ಒಂದು ಚೀಲ, ಅದರಲ್ಲಿ ಐದು ಶರ್ಟು.

"ಇದರ ಗುಂಡಿ ಎಲ್ಲ ತೆಗೆದು, ಒತ್ತಿದ್ರೆ ಅಂಟಿಕೊಳ್ಳತ್ತಲ್ಲ, ಆ ಪಟ್ಟಿ ಹಾಕ್ಕೊಡಿ ಅಮ್ಮ. ಗುಂಡಿ ಹಾಕ್ಕೊಳ್ಳೋಕೆ ಆಗ್ತಿಲ್ಲ. ಹೆಂಡತಿ ಹಾಕ್ತಾಳೆ. ಆದ್ರೆ ದಿನಾ ಬೆಳಿಗ್ಗೆ ಮಗುವಿನ ಹಾಗೆ ಅವಳ ಮುಂದೆ ನಿಂತ್ಕೊಳ್ಳೋಕೆ ನಾಚಿಕೆ ಆಗತ್ತೆ."

ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಆ ಫಾರಂ ಬರೆದಿದ್ದು ನಾನು" ಎಂದೆ.

"ಗೊತ್ತು. ನಿಮ್ಮ ತಮ್ಮ ಆಸ್ಪತ್ರೆಗೆ ಬಂದಾಗ ಎಲ್ಲ ಹೇಳಿದ. ಅದಕ್ಕೇ ಬೇರೆ ಅಂಗಡಿ ಬಿಟ್ಟು ಇಲ್ಲಿಗೆ ತಂದೆ."

ಸ್ಟೂಲಿನ ಮೇಲೆ ಕೂತರು. ನಾನು ಒಂದೊಂದೇ ಗುಂಡಿ ಬಿಚ್ಚುವುದನ್ನು ಕೊನೆಯವರೆಗೂ ನೋಡಿದರು. ಬಿಚ್ಚಿದ ಗುಂಡಿಗಳನ್ನು ಮೆಷಿನ್ನಿನ ಡ್ರಾಯರಿಗೆ ಹಾಕಿದೆ.

ವರ್ಷ ಕಳೆದ ಮೇಲೆ ತಮ್ಮ ಮತ್ತೆ ಒಂದು ಫಾರಂ ತಂದ. ನಾನು ಕೈ ಚಾಚಿದೆ. "ಈ ಸಲ ನಾನೇ ಬರೀತೀನಿ ಅಕ್ಕ" ಎಂದ. ತನ್ನ ಸೊಟ್ಟ ಅಕ್ಷರದಲ್ಲಿ ಸೊನ್ನೆ ಬರೆದ. ಅದರ ಕೆಳಗೆ ಆ ಅಪಘಾತವನ್ನೂ ಬರೆದ. ಹೀಗೇ ಬರೆದುಕೊಟ್ಟಾಗ ಎರಡು ಕಡೆ ಆಗಲ್ಲ ಎಂದರು. ಮೂರನೆಯವರು, "ಹೇಳಿದ್ದು ಒಳ್ಳೇದಾಯ್ತು, ನಮ್ಮ ಹಳಬರ ಪಕ್ಕ ಕೂತು ಕಲಿ" ಎಂದರು. ಈಗ ಲಾರಿ ಓಡಿಸುತ್ತಿದ್ದಾನೆ. ಹಿಂದಕ್ಕೆ ತೆಗೆಯುವ ಮುಂಚೆ ಪ್ರತಿ ಸಲ ಇಳಿದು ಒಂದು ಸುತ್ತು ಬರುತ್ತಾನೆ. ಹಿಂದೆ ನಿಂತವರು ಕನ್ನಡಿಯಲ್ಲಿ ಕಾಣದಿದ್ದರೆ ಲಾರಿ ನಿಂತೇ ಬಿಡುತ್ತದೆ. ಯಾರಾದರೂ ನಕ್ಕರೆ, ನಗಲಿ ಬಿಡು ಎನ್ನುತ್ತಾನೆ. ಆದರೆ ಮೊದಲಿನ ಹಾಗೆ ಅವನು ನನ್ನನ್ನು ರೇಗಿಸುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗೋ ಹೊಸದಾಗಿ ಹೆವಿ ಲೈಸೆನ್ಸ್ ಬಂದಿರಬಹುದು. ಕೆಲಸ ಸಿಗುತ್ತಿಲ್ಲ ಎಂದು ಅವರು ಮುಖ ಸಣ್ಣದು ಮಾಡಿಕೊಂಡು ಕೂತಿರಬಹುದು. ನಿಮಗೆ ಸಂಕಟವಾಗುತ್ತದೆ, ನನಗೂ ಆಗಿತ್ತು. ಆದರೂ ಇಲ್ಲದ ಅನುಭವವನ್ನು ಬರೆಯಬೇಡಿ, ಬರೆಸಬೇಡಿ. "ನಾನು ಹೊಸಬ, ಹಳಬರ ಪಕ್ಕ ಕೂರಿಸಿ ಕಲಿಸ್ತೀರಾ?" ಎಂದು ಹೋದ ಕಡೆಯಲ್ಲೆಲ್ಲ ಕೇಳಲು ಹೇಳಿ. ಹತ್ತು ಜನ ಇಲ್ಲ ಎನ್ನಬಹುದು. ಹನ್ನೊಂದನೆಯವರನ್ನೂ ಕೇಳಲಿ.

ಆ ಐದು ಶರ್ಟಿನ ಗುಂಡಿಗಳು ನನ್ನ ಮೆಷಿನ್ನಿನ ಡ್ರಾಯರಿನಲ್ಲೇ ಇವೆ. ಬೇರೆಯವರ ಬಟ್ಟೆಗೆ ಅವನ್ನು ಹೊಲಿಯಲು ಮನಸ್ಸು ಬಂದಿಲ್ಲ. ಅನುಭವದ ಖಾನೆಯ ಮುಂದೆ ನಿಮ್ಮ ಪೆನ್ನು ಅನುಮಾನಿಸಿದರೆ ನನ್ನ ಅಂಗಡಿಗೆ ಬನ್ನಿ, ಡ್ರಾಯರ್ ತೆಗೆದು ತೋರಿಸುತ್ತೇನೆ.