ಯಜಮಾನರ ಕೇಸು

ಅವ್ವ ರೇಷ್ಮೆ ಗೂಡನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದಳು. ಒಳಗಿನ ಹುಳ ಗಟ್ಟಿಯಾಗಿ ಬಡಿದರೆ ಗೂಡು ಬಲಗಡೆಯ ಮೊರಕ್ಕೆ ಬೀಳುತ್ತಿತ್ತು, ಸದ್ದಿಲ್ಲದಿದ್ದರೆ ಎಡಗಡೆಗೆ. ಸದ್ದಿಲ್ಲದ ಗೂಡಿನಲ್ಲಿ ಹುಳ ಸತ್ತು ಕರಗಿ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಅದರ ಕಪ್ಪು ನೀರು ತಾಗಿದ ಪಕ್ಕದ ಗೂಡುಗಳೂ ಕಲೆಯಾಗುತ್ತವೆ. ನಾನು ಎದುರಿಗೆ ಕುಳಿತು ಅದೇ ಕೆಲಸ ಮಾಡುತ್ತಿದ್ದೆ. ಮಾತಾಡಿದರೆ ಹುಳದ ಸದ್ದು ಕೇಳಿಸದು ಎಂದು ಅವ್ವ ಯಾವಾಗಲೂ ಹೇಳುತ್ತಿದ್ದಳು. ಆ ಬೆಳಿಗ್ಗೆ ನಾವು ಸುಮ್ಮನಿದ್ದುದಕ್ಕೆ ಕಾರಣ ಬೇರೆ. ಮಧ್ಯಾಹ್ನ ಅವಳು ರೇಷ್ಮೆ ಕಚೇರಿಗೆ ಹೋಗಿ ತನ್ನ ಹೆಸರಿನಲ್ಲಿ ಲೈಸೆನ್ಸ್ ಕೇಳುವವಳಿದ್ದಳು. ಆ ವಿಷಯವನ್ನು ನಾವು ಕೂಲಿ ಮಾಡುತ್ತಿದ್ದ ಬೋರಲಿಂಗಯ್ಯನವರಿಗೆ ಇನ್ನೂ ಹೇಳಿರಲಿಲ್ಲ.

ಬೋರಲಿಂಗಯ್ಯನವರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು. ಅವರ ಶೆಡ್ಡಿನಲ್ಲಿ ಉದ್ದಕ್ಕೂ ಒಲೆಗಳಿದ್ದವು, ಒಲೆಗಳ ಮೇಲೆ ಬಾಣಲೆಗಳು, ಪ್ರತಿ ಬಾಣಲೆಯ ಹಿಂದೆ ಒಂದು ಚರಕ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಹಿಡಿದು, ಎಳೆಗಳನ್ನು ಕೂಡಿಸಿ ನೂಲಾಗಿ ಬಿಡುವುದು ಒಬ್ಬಳ ಕೆಲಸ. ಚಕ್ರ ತಿರುಗಿಸುವುದು ಇನ್ನೊಬ್ಬಳದು. ಅಪ್ಪ ತೀರಿಹೋದ ಮೇಲೆ ಅವ್ವನ ಚಕ್ರಕ್ಕೆ ಕೈ ಬೇಕಾಯಿತು, ನನ್ನ ಶಾಲೆ ಅಲ್ಲಿಗೆ ನಿಂತಿತು. ನಾನು ಅತ್ತೆನೆಂದು ಅವ್ವ ಎಲ್ಲರಿಗೂ ಹೇಳುತ್ತಿದ್ದಳು. ನನಗೆ ಅತ್ತ ನೆನಪಿಲ್ಲ. ಮೊದಲಿನಿಂದಲೂ ನನಗೆ ನಾಲ್ಕು ಜನರೆದುರು ಬಾಯಿ ಬರುತ್ತಿರಲಿಲ್ಲ. ಶೆಡ್ಡಿನಲ್ಲಿ ಬಾಯಿ ಬೇಕಾಗಿಯೂ ಇರಲಿಲ್ಲ.

ನಮ್ಮೂರಿನಲ್ಲಿ ರೈತರ ಮನೆ ಬಾಗಿಲಲ್ಲಿ ಗೂಡು ಕೊಳ್ಳುವಂತಿರಲಿಲ್ಲ. ಗೂಡೆಲ್ಲ ಸರ್ಕಾರಿ ಮಾರುಕಟ್ಟೆಗೇ ಬರಬೇಕು. ಅಲ್ಲಿ ಹರಾಜು ಕೂಗಲು ಲೈಸೆನ್ಸ್ ಇರಬೇಕು. ಮನೆಯಲ್ಲಿ ಚರಕವಿದ್ದು ಲೈಸೆನ್ಸ್ ಇಲ್ಲದಿದ್ದರೆ ಆ ಚರಕ ಬಟ್ಟೆ ಒಣಹಾಕುವುದಕ್ಕಷ್ಟೇ ಆದೀತು. ಅವ್ವ ತನ್ನ ಕಿವಿಯ ಓಲೆಗಳನ್ನು ಕೊಟ್ಟು, ಕಣ್ಣು ಕಾಣದಾದ ಮುದುಕಿಯೊಬ್ಬಳಿಂದ ಹಳೆಯ ಚರಕ ತಂದಿದ್ದಳು. ಮನೆಯ ಹಿಂದಿನ ಮಾಡಿನಲ್ಲಿ ಒಲೆಯನ್ನು ತಾನೇ ಹಾಕಿದ್ದಳು. ಕೆಮ್ಮಣ್ಣು ಕಲಸಿ, ಸಗಣಿ ಸಾರಿಸಿ, ಒಣಗಿದ ಮೇಲೆ ಅದರ ಅಂಚಿಗೆ ಸುಣ್ಣದ ಗೆರೆಯನ್ನೂ ಎಳೆದಿದ್ದಳು. "ಸ್ವಂತ ಒಲೆ ಕಣೆ," ಎಂದಳು. "ಬೆಂದ್ರೂ ನಮ್ ಕೈಯೇ ಬೇಯ್ತದೆ."

ಕಚೇರಿಯಲ್ಲಿ ಗುಮಾಸ್ತ ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದ. ಗಂಡನ ಹೆಸರು ಕೇಳಿದಾಗ ಅವ್ವ ನನ್ನ ಮೊಣಕೈ ತಿವಿದಳು. ಗಂಡ ಸತ್ತಿದ್ದರೂ ಅವನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ನೆಲ ನೋಡುತ್ತ "ಮರಿಯಯ್ಯ" ಎಂದೆ.

"ಯಾವ್ದಾದ್ರೂ ಕೇಸಲ್ಲಿ ಶಿಕ್ಷೆ ಗಿಕ್ಷೆ ಆಗಿದೆಯಾ?"

"ಇಲ್ಲ ಸ್ವಾಮಿ," ಎಂದಳು ಅವ್ವ. ಊಟವಾಯಿತೇ ಎಂದು ಕೇಳಿದವರಿಗೆ ಹೇಳುವಷ್ಟು ಸಲೀಸಾಗಿ ಹೇಳಿದಳು. ಅವಳ ಮುಖವನ್ನು ನಾನು ನೋಡುತ್ತಿದ್ದೆ. ಅಲ್ಲಿ ಬಚ್ಚಿಟ್ಟದ್ದು ಏನೂ ಇರಲಿಲ್ಲ.

ಮಾರನೆಯ ದಿನ ಸುದ್ದಿ ಶೆಡ್ಡಿಗೆ ನಮಗಿಂತ ಮೊದಲೇ ಬಂದಿತ್ತು. ಪಕ್ಕದ ಬಾಣಲೆಯ ಹೊಂಬಾಳಮ್ಮ, ಅವ್ವನೊಂದಿಗೆ ವರ್ಷಗಟ್ಟಲೆ ಎಲೆಯಡಿಕೆ ಹಂಚಿಕೊಂಡು ತಿಂದವಳು, ನಮ್ಮನ್ನು ಕಂಡೊಡನೆ ಎದ್ದು ನಿಂತು ಸೆರಗು ಹೊದ್ದು ಕೈಮುಗಿದಳು.

"ಬರ್ಬೇಕು ಬರ್ಬೇಕು, ಸಾವ್ಕಾರ್ತಮ್ಮನೋರು. ನಾಳಿಕೆ ನಮ್ಮುನ್ನ ಕೂಲಿಗೆ ಇಟ್ಕಂತೀಯೇನಕ್ಕ? ಈಗ್ಲೇ ಹೇಳ್ಬುಡ್ತೀನಿ, ನಾನು ಬೆಳಿಗ್ಗೆ ಲೇಟಾಗೇ ಬರೋಳು."

"ನಿನ್ನ ಇಟ್ಕಂಡ್ರೆ ನನ್ ಒಲೆ ನೀನೇ ಆರುಸ್ತೀಯ. ಬಾಯಿ ಮುಚ್ಕೊಂಡು ಎಳೆ ನೋಡು."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಯಜಮಾನರೂ ಬಾಗಿಲಲ್ಲಿ ನಿಂತು ನಕ್ಕು, "ಒಳ್ಳೇದಾಗ್ಲಿ ಬುಡು," ಎಂದು ಒಳಗೆ ಹೋದರು. ಅವರ ನಗು ಬಾಯಿಂದ ಮೇಲಕ್ಕೆ ಹತ್ತಿರಲಿಲ್ಲ. ನಾನು ಅದನ್ನು ಕಂಡೆ.

ಕೆಲವು ವಾರಗಳ ಮೇಲೆ ಕಚೇರಿಯಿಂದ ಕರೆ ಬಂತು. ಲೈಸೆನ್ಸ್ ಕೈಗೆ ಕೊಡುತ್ತಾರೆಂದೇ ಅವ್ವ ತಿಳಿದಿದ್ದಳು. ತಲೆಗೆ ಹೂ ಮುಡಿದಿದ್ದಳು. ವಿಧವೆಗೆ ಹೂವೇಕೆಂದು ಕೇರಿಯವರು ಅಂದಾರೆಂದು ಅವಳು ಎಂದೂ ಮುಡಿಯುತ್ತಿರಲಿಲ್ಲ. ಆ ದಿನ ಮುಡಿದು, ಸೆರಗಿನಿಂದ ಮುಚ್ಚಿಕೊಂಡು ನಡೆದಳು.

ಕಚೇರಿಯ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು. ದನಿ ಏರಿಸುವವರಲ್ಲ.

"ಚಿಕ್ಕತಾಯಮ್ಮ ನೀವೇನಾ? ಮಾರ್ಕೆಟ್ಟಿಂದ ಹೊರಗಡೆ ಗೂಡು ಕೊಂಡ ಕೇಸಲ್ಲಿ ದಂಡ ಕಟ್ಟಿದೀರಲ್ಲಮ್ಮ. ಕೋರ್ಟಲ್ಲಿ ತಪ್ಪು ಒಪ್ಕೊಂಡಿದೀರ. ನಮ್ಮೋರು ಕೇಳ್ದಾಗ ಇಲ್ಲ ಅಂದ್ರಂತೆ?"

ಅವ್ವನ ಮುಖ ಬಿಗಿಯಾಗಲಿಲ್ಲ. ಸಡಿಲವಾಯಿತು. ಇಷ್ಟೇನಾ ಎಂಬಂತೆ ನನ್ನ ಕಡೆ ನೋಡಿದಳು. "ಅದಾ ಸ್ವಾಮಿ? ಅದು ನಂದಲ್ಲ. ಅದು ಯಜಮಾನ್ರ ಕೇಸು. ನಾನು ಸುಮ್ಕೆ ನಿಂತ್ಕಂಡಿದ್ದೆ ಅಷ್ಟೆಯ."

"ನಿಂತ್ಕೊಂಡಿದ್ದೆ ಅಂದ್ರೆ?"

ಅವರು ಹೊರಗಿನವರು, ನಮ್ಮೂರಿನ ರೂಢಿ ಅವರಿಗೆ ಗೊತ್ತಿರಲಿಲ್ಲ. ಮಾರುಕಟ್ಟೆಯ ಸುಂಕ ತಪ್ಪಿಸಲು ಯಜಮಾನರು ಹಳ್ಳಿಗಳಿಂದ ನೇರವಾಗಿ ಗೂಡು ತರಿಸುತ್ತಿದ್ದರು. ಎಲ್ಲ ಶೆಡ್ಡಿನವರೂ ತರಿಸುತ್ತಿದ್ದರು. ಒಮ್ಮೊಮ್ಮೆ ತನಿಖೆಯವರು ಬಂದು ಹಿಡಿಯುತ್ತಿದ್ದರು. ಹಿಡಿದಾಗ ಗೂಡು ಯಾರದೆಂದು ಒಬ್ಬರು ಹೇಳಲೇಬೇಕು. ಆಗ ಕೂಲಿಯವರಲ್ಲಿ ಒಬ್ಬರು ನಿಲ್ಲುವುದು. ಅದಕ್ಕೆ ಸರದಿ ಇತ್ತು. ನಿಂತವರು ಕೋರ್ಟಿಗೆ ಹೋಗಿ "ಗೂಡು ನಂದು, ತಪ್ಪಾಯ್ತು" ಎನ್ನಬೇಕು. ದಂಡ ಯಜಮಾನರದು. ಬಂದ ಮೇಲೆ ಹೆಂಗಸಾದರೆ ಸೀರೆ, ಗಂಡಸಾದರೆ ಪಂಚೆ, ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂಡಿ. ಯಾರೂ ಅದನ್ನು ಸುಳ್ಳೆಂದು ತಿಳಿದಿರಲಿಲ್ಲ, ಅಪರಾಧವೆಂದಂತೂ ಅಲ್ಲವೇ ಅಲ್ಲ. ನೀರಿನ ನಲ್ಲಿಯ ಮುಂದೆ ಪಕ್ಕದ ಮನೆಯವಳ ಕೊಡ ಹಿಡಿದು ನಿಂತ ಹಾಗೆ ಇದೂ ಒಂದು ನಿಲ್ಲುವುದು. ಕೊಡ ಅವಳದು, ನೀರು ಅವಳದು, ಕಾಲು ಮಾತ್ರ ನಮ್ಮದು.

ಅವ್ವ ನಿಂತ ದಿನ ನನಗೆ ಚೆನ್ನಾಗಿ ನೆನಪಿದೆ. ಸರದಿ ಹೊಂಬಾಳಮ್ಮನದಾಗಿತ್ತು. ಅವಳಿನ್ನೂ ಬಾಣಂತಿ, ಮಗು ಮಡಿಲಲ್ಲೇ ಇತ್ತು. "ನಾ ಹೋಯ್ತೀನಿ ಬುಡು, ಕೂಸ್ನ ಎತ್ಕೊಂಡು ಅಲ್ಲೆಲ್ಲಿ ಅಲೀತೀಯ," ಎಂದು ಅವ್ವ ಹೊರಟಳು. ಸಂಜೆ ಹಸಿರು ಸೀರೆಯುಟ್ಟು ಬಂದಳು. ನನಗಾಗಿ ಎಲೆಯಲ್ಲಿ ಕಟ್ಟಿಸಿಕೊಂಡ ದೋಸೆ ತಂದಿದ್ದಳು. "ಜಡ್ಜು ನನ್ ಮುಖಾನೇ ನೋಡ್ಲಿಲ್ಲ ಕಣ್ರೆ," ಎಂದು ಶೆಡ್ಡಿನಲ್ಲಿ ಅಣಕಿಸಿ ತೋರಿಸಿದಳು. "ಅವ್ರು ಏನೋ ಅಂದ್ರು, ನಾನು ಊ ಅಂದೆ, ಮುಗೀತು. ಮದ್ವೆ ಆಗೋವಾಗ್ಲೂ ಇಷ್ಟು ಬೇಗ ಊ ಅಂದಿರ್ಲಿಲ್ಲ." ಹೊಂಬಾಳಮ್ಮ ನಕ್ಕು ನಕ್ಕು ಮಗುವಿಗೆ ಹಾಲು ನೆತ್ತಿಗೇರುವಂತೆ ಮಾಡಿದ್ದಳು.

ಅವ್ವ ಇದನ್ನೆಲ್ಲ ತನಗೆ ತಿಳಿದ ಹಾಗೆ ಹೇಳಿದಳು. ಸಾಹೇಬರು ಕೇಳಿಸಿಕೊಂಡರು.

"ಗೂಡು ಯಾರ್ದು ಅಂತ ಕೋರ್ಟಲ್ಲಿ ಕೇಳಿದ್ರಲ್ಲ, ಏನಂದ್ರಿ?"

"ನಂದು ಅಂದೆ."

"ಈಗ ನಂದಲ್ಲ ಅಂತೀರಿ. ಆಗ ಹೇಳಿದ್ದು ನಿಜವಾದ್ರೆ ಲೈಸೆನ್ಸ್ ಕೊಡೋ ಹಾಗಿಲ್ಲ. ಸುಳ್ಳಾದ್ರೆ ಕೋರ್ಟಿಗೆ ಸುಳ್ಳು ಹೇಳಿದ್ದು ಇನ್ನೊಂದು ತಪ್ಪು. ಎರಡ್ರಲ್ಲಿ ಯಾವ್ದನ್ನ ಬರ್ಕೊಳ್ಳಲಮ್ಮ?"

ಅವ್ವ ಆ ಪ್ರಶ್ನೆಯನ್ನು ಪ್ರಶ್ನೆಯೆಂದೇ ತಿಳಿದಿದ್ದಳು.

"ಇದ್ದುದ್ನ ಬರ್ಕೊಳಿ ಸ್ವಾಮಿ. ನಾನು ಒಂದು ಗೂಡೂ ಕೊಂಡಿಲ್ಲ. ಕೊಳ್ಳಾಕೆ ನನ್ ಹತ್ರ ಏನಿತ್ತು?"

ಸಾಹೇಬರು ಕಿಟಕಿಯ ಕಡೆ ನೋಡಿದರು. ಅವರಿಗೆ ನಂಬಿಕೆ ಬಂದಿತ್ತು, ನಂಬಿಕೆ ಬಂದದ್ದರಿಂದಲೇ ಕಿರಿಕಿರಿಯಾಗಿತ್ತು ಎಂದು ನನಗನಿಸಿತು. ಕೊನೆಗೆ, ಬೋರಲಿಂಗಯ್ಯನವರೇ ಬಂದು ಆ ಗೂಡು ತಮ್ಮದೆಂದು ಹೇಳಬೇಕು, ಇಲ್ಲವಾದರೆ ಆ ದಿನ ಶೆಡ್ಡಿನಲ್ಲಿ ಕಣ್ಣಾರೆ ಕಂಡವರು ಒಬ್ಬರಾದರೂ ಬರಬೇಕು, ಹಾಗಾದರೆ ಮೇಲಿನವರಿಗೆ ಬರೆಯುತ್ತೇನೆ ಎಂದರು. ಆಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಮುಂದಿನ ಸಂತೆಯವರೆಗೆ ಕಾಯುತ್ತಾರೆ. ಆಮೇಲೆ ಅರ್ಜಿ ತಿರಸ್ಕಾರ.

"ಇವ್ಳು ಇದ್ಲು ಸ್ವಾಮಿ ಅವತ್ತು," ಎಂದು ಅವ್ವ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನು ಬಾಯಿ ತೆರೆದೆ. ಆ ಒಂದು ಸಲ ನನಗೆ ನಿಜವಾಗಿಯೂ ಮಾತು ಬಂದಿತ್ತು.

"ಮಗಳು ಹೇಳಿದ್ದು ನಡೆಯೋದಿಲ್ಲ," ಎಂದರು ಸಾಹೇಬರು.

ನಾವು ಕಚೇರಿಯಿಂದ ನೇರವಾಗಿ ಹೋದಾಗ ಯಜಮಾನರು ತಮ್ಮ ಮನೆಯ ಜಗಲಿಯ ಮೇಲೆ ಮಾದರಿ ಗೂಡುಗಳ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅವ್ವ ಹೇಳುತ್ತಿದ್ದಷ್ಟು ಹೊತ್ತೂ ಒಂದು ಗೂಡನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಅವರ ಕಿವಿ ಯಾವುದನ್ನು ಕೇಳುತ್ತಿತ್ತೋ.

"ದಂಡ ನಾನು ಕಟ್ಲಿಲ್ವಾ?"

"ಕಟ್ಟಿದ್ರಿ ಯಜಮಾನ್ರೆ."

"ಸೀರೆ ಕೊಡುಸ್ಲಿಲ್ವಾ?"

"ಕೊಡುಸಿದ್ರಿ."

"ಮತ್ತೆ?"

ಯಜಮಾನರು ಗೂಡನ್ನು ಬುಟ್ಟಿಗೆ ಹಾಕಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೇ ಇತ್ತು.

"ನೋಡು ಚಿಕ್ಕತಾಯಿ. ಈಗ ನಾನು ಗೂಡು ನಂದು ಅಂದ್ರೆ ನನ್ ಲೈಸೆನ್ಸ್ ಉಳೀತದಾ? ಅದೋದ್ರೆ ಇಷ್ಟು ಜನರ ಒಲೆಗೆ ನೀರು ಹುಯ್ದಂಗೆ. ನಿಂಗೆ ಮನಸ್ ಬತ್ತದಾ? ಕೇಸಾದೋಳು ಅಂತ ನಾನೇನಾದ್ರೂ ನಿನ್ನ ಕೆಲಸ ಬುಡ್ಸಿದೀನಾ? ಬೇರೆಯೋರಾಗಿದ್ರೆ ಬುಡುಸೋರು. ಒಂದ್ ಕೆಲಸ ಮಾಡು. ನಿನ್ ಚರಕ ಶೆಡ್ಡಿಗೆ ತಂದಾಕು. ನನ್ ಲೈಸೆನ್ಸಲ್ಲೇ ತಿರುಗ್ಲಿ. ಚರಕ ನಿಂದು, ನೂಲು ನಂದು. ಕೂಲಿ ಒಂದ್ಕಾಸು ಜಾಸ್ತಿನೇ ಕೊಡ್ತೀನಿ."

ದಾರಿಯಲ್ಲಿ ಅವ್ವ, "ನಮ್ಮಪ್ಪನೂ ನನ್ ಜೊತೆ ಇಷ್ಟು ಪ್ರೀತಿಯಿಂದ ಮಾತಾಡಿರ್ಲಿಲ್ಲ ಕಣೆ," ಎಂದಳು. ತಲೆಯ ಹೂವನ್ನು ತೆಗೆದು ಬೇಲಿಯ ಮೇಲಿಟ್ಟಳು. ಎಸೆಯಲಿಲ್ಲ.

ಶೆಡ್ಡಿನಲ್ಲಿ ಯಾರಿಗೂ ನಾವು ಹೇಳಬೇಕಾಗಿರಲಿಲ್ಲ. ಹೊಂಬಾಳಮ್ಮ ಅವ್ವನಿಗೆ ಎಲೆಯಡಿಕೆ ಮಡಚಿ ಕೊಡುತ್ತಿದ್ದಳು, ಮುಖ ಕೊಡುತ್ತಿರಲಿಲ್ಲ. ಅಲ್ಲಿದ್ದ ಮುಕ್ಕಾಲು ಜನ ಯಜಮಾನರ ಸಾಲುಮನೆಗಳಲ್ಲೇ ಇದ್ದವರು. ಹೊಂಬಾಳಮ್ಮನ ಗಂಡ ಅವರ ಗಾಡಿ ಹೊಡೆಯುತ್ತಿದ್ದ. ಒಬ್ಬಳು ಮಾತ್ರ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳು, ಪಕ್ಕದವಳಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು. "ಆ ಯಮ್ಮ ಗೂಡು ಕದ್ದು ಸಿಕ್ಕಾಕೊಂಡಿದ್ಲಂತೆ ಕಣೆ ಹಿಂದೆ." ಆ ಮಾತು ಅವಳಿಗೆ ಎಲ್ಲಿಂದ ಬಂತೆಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಯಜಮಾನರು ಹಬ್ಬಿಸಿರಲಾರರು. ಅವರಿಗೆ ಅದರ ಅಗತ್ಯವಿರಲಿಲ್ಲ. ಸರ್ಕಾರ ಲೈಸೆನ್ಸ್ ತಡೆಹಿಡಿದದ್ದಕ್ಕೆ ಜನ ತಾವಾಗಿಯೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಇದ್ದ ಕಾರಣಕ್ಕಿಂತ ಹುಡುಕಿದ ಕಾರಣ ಸುಲಭವಾಗಿರುತ್ತದೆ.

ಸಂತೆಯ ಹಿಂದಿನ ದಿನ, ಮಧ್ಯಾಹ್ನದ ಗಂಜಿಯಾಗಿ ಎಲ್ಲರೂ ಮತ್ತೆ ಬಾಣಲೆಗಳ ಮುಂದೆ ಕೂತ ಮೇಲೆ, ಅವ್ವ ನನಗೆ ಚಕ್ರ ನಿಲ್ಲಿಸು ಎಂದು ಕೈಸನ್ನೆ ಮಾಡಿದಳು. ನಿಲ್ಲಿಸಿದೆ. ನಮ್ಮ ಚಕ್ರ ನಿಂತದ್ದು ಕಂಡು ಒಂದೆರಡು ಚಕ್ರಗಳು ನಿಧಾನವಾದವು. ಅವಳು ಸೀರೆಗೆ ಕೈ ಒರೆಸಿಕೊಂಡು ಎದ್ದಳು. ಅವಳ ಬೆರಳ ತುದಿಗಳು ನಮ್ಮೆಲ್ಲರ ಬೆರಳಿನಂತೆಯೇ ಬಿಳಿಚಿ ನೆರಿಗೆಗಟ್ಟಿದ್ದವು. ಅವಳು ಅಳಲಿಲ್ಲ, ಯಜಮಾನರನ್ನು ಬೈಯಲಿಲ್ಲ. ಯಾರ ಸರದಿಗೆ ತಾನು ನಿಂತಿದ್ದೆನೆಂದೂ ಹೇಳಲಿಲ್ಲ. ಹೇಳುತ್ತಾಳೆಂದು ನಾನು ಕಾದಿದ್ದೆ.

"ನಾಳಿಕೆ ಬೆಳಿಗ್ಗೆ ಕಚೇರಿಗೆ ಹೋಯ್ತಾ ಇದೀನಿ," ಎಂದಳು. "ಯಾರಾದ್ರೂ ಒಬ್ರು ನನ್ ಜೊತೆ ಬನ್ನಿ. ಕಂಡಿದ್ದು ಕಂಡಂಗೆ ಹೇಳಿದ್ರೆ ಸಾಕು."

ಒಲೆಗಳು ಉರಿಯುತ್ತಿದ್ದವು. ಯಾರೂ ಏಳಲಿಲ್ಲ. ಹೊಂಬಾಳಮ್ಮ ಎಳೆಯ ತುದಿ ಹುಡುಕಲು ಕುದಿಯುವ ನೀರಿಗೆ ಕೈ ಹಾಕಿದಳು. ಅಲ್ಲಿ ಕೈ ಹಾಕಿದವರು ತಕ್ಷಣ ತೆಗೆಯುತ್ತಾರೆ. ಅವಳು ತೆಗೆಯಲಿಲ್ಲ.